ಹನ್ನೆರಡು ಗಂಟೆ ತನಕ

2023ರ ನವೆಂಬರ್. ನಾನು ಆಗ ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ಏರ್‌ಲೈನ್‌ನ ಮೆಡಿಕಲ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹೃದಯದ ಆಪರೇಷನ್ ಆದವರು, ಗಾಲಿಕುರ್ಚಿಯವರು, ಆಕ್ಸಿಜನ್ ಬೇಕಾದವರು ವಿಮಾನ ಹತ್ತುವ ಮೊದಲು ಅವರ ಕಾಗದಪತ್ರ ನೋಡಿ, ನಮ್ಮ ವೈದ್ಯಕೀಯ ಸಲಹೆಗಾರರ ಒಪ್ಪಿಗೆ ಪಡೆದು, ಸಿಬ್ಬಂದಿಗೆ ಸೂಚನೆ ಕಳಿಸುವುದು ನನ್ನ ಕೆಲಸ. ಆ ಹೊತ್ತಿಗೆ ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೆ. ಆಫೀಸಿನಲ್ಲಿ ನನ್ನನ್ನು ‘ಡಬಲ್ ಚೆಕ್ ಮೇಡಂ’ ಎಂದು ಆಡಿಕೊಳ್ಳುತ್ತಿದ್ದರು. ಅದು ಬೈಗುಳವೋ ಹೊಗಳಿಕೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ, ಒಳಗೊಳಗೇ ಖುಷಿಪಡುತ್ತಿದ್ದೆ. ಆ ಖುಷಿ ಇಳಿದದ್ದು ಆ ನವೆಂಬರಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವಳು. ನಮ್ಮಲ್ಲಿ ಗಡಿಯಾರ ತೋರಿಸುವುದೂ ಗಂಟೆ, ಕಳೆದುಹೋಗುವ ಹೊತ್ತೂ ಗಂಟೆ. ಆದರೆ ಈ ಬರಹದಲ್ಲಿ ಕಳೆದ ಹೊತ್ತಿಗೆ ‘ತಾಸು’ ಎಂದೇ ಬರೆಯುತ್ತೇನೆ. ಉತ್ತರ ಕರ್ನಾಟಕದವರಿಂದ ನಾನು ತಡವಾಗಿ, ಪೆಟ್ಟು ತಿಂದು ಬಳಸಲು ಕಲಿತ ಶಬ್ದ ಅದು.

ಆಕ್ಸಿಜನ್ ಬೇಕಾದ ಪ್ರಯಾಣಿಕರು ಈಗ ಬಹುಮಟ್ಟಿಗೆ ಕಾನ್ಸನ್‌ಟ್ರೇಟರ್ ಎಂಬ ಸಣ್ಣ ಯಂತ್ರ ಇಟ್ಟುಕೊಳ್ಳುತ್ತಾರೆ. ಹೆಗಲಿಗೆ ಹಾಕುವ ಚೀಲದಷ್ಟಿರುತ್ತದೆ. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ಆಕ್ಸಿಜನ್ ಬೇರೆ ಮಾಡಿ ಮೂಗಿನ ನಳಿಗೆಗೆ ಕೊಡುತ್ತದೆ. ಬ್ಯಾಟರಿಯಿಂದ ನಡೆಯುತ್ತದೆ. ಸ್ವಂತ ಸಿಲಿಂಡರ್ ವಿಮಾನದೊಳಗೆ ತರುವಂತಿಲ್ಲ, ಈ ಯಂತ್ರ ತರಬಹುದು. ಆದರೆ ನಮ್ಮಲ್ಲಿ ಒಂದು ಗಟ್ಟಿ ನಿಯಮವಿತ್ತು. ಪ್ರಯಾಣಕ್ಕೆ ಎಷ್ಟು ತಾಸು ಹಿಡಿಯುತ್ತದೆಯೋ ಅದರ ಒಂದೂವರೆ ಪಟ್ಟು ಬ್ಯಾಟರಿ ಕೈಯಲ್ಲಿರಬೇಕು. ವಿಮಾನ ತಡವಾಗಬಹುದು, ಆಕಾಶದಲ್ಲಿ ಸುತ್ತು ಹೊಡೆಯಬೇಕಾಗಬಹುದು ಎಂಬ ಲೆಕ್ಕ. ಡಾಕ್ಟರು ತುಂಬಿಕೊಡುವ ಫಾರ್ಮಿನಲ್ಲಿ ಬ್ಯಾಟರಿಯ ಸಾಲನ್ನು ಮಾತ್ರ ನಾವೇ ಪ್ರಯಾಣಿಕರನ್ನು ಕೇಳಿ ತುಂಬಬೇಕಿತ್ತು.

ದಸ್ತಗೀರ ಸಾಹೇಬರ ಫಾರ್ಮ್ ಬಂದದ್ದು ಒಂದು ಮಂಗಳವಾರ. ಅರವತ್ತೊಂದು ವರ್ಷ, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಈಗ ಕುರ್ಲಾದಲ್ಲಿ ತಮ್ಮನ ಜೊತೆ ಮನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾರ್ಬಲ್ ಕತ್ತರಿಸಿ ಪಾಲಿಶ್ ಮಾಡಿದವರು. ಪವಾಯಿಯ ಎಷ್ಟೋ ಬಿಲ್ಡಿಂಗುಗಳ ನೆಲ ಅವರ ಕೈಯದು. ಆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು, ಎರಡು ವರ್ಷದಿಂದ ಯಂತ್ರವಿಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಅವರು ಮತ್ತು ಅವರ ಹೆಂಡತಿ ಮೆಕ್ಕಾದ ಉಮ್ರಾ ಯಾತ್ರೆಗೆಂದು ಜೆದ್ದಾಕ್ಕೆ ಹೊರಟಿದ್ದರು. ಸಯನ್ನಿನ ಒಬ್ಬ ಡಾಕ್ಟರು ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಬರೆದು, ಯಂತ್ರದ ಹರಿವನ್ನು ನೆಲದ ಮೇಲಿರುವಾಗ ಎರಡರಲ್ಲಿ, ವಿಮಾನದೊಳಗೆ ಮೂರರಲ್ಲಿ ಇಡಬೇಕು ಎಂದು ಸೂಚಿಸಿದ್ದರು. ಮೇಲೆ ಹೋದಂತೆ ಕ್ಯಾಬಿನ್ನಿನ ಗಾಳಿ ತೆಳುವಾಗುತ್ತದೆ, ಅದಕ್ಕೆ.

ಮುಂಬಯಿಯಿಂದ ಜೆದ್ದಾಕ್ಕೆ ಆಕಾಶಮಾರ್ಗದಲ್ಲಿ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್. ನಮ್ಮ ವಿಮಾನಕ್ಕೆ ಗೇಟಿನಿಂದ ಗೇಟಿಗೆ ಐದೂಕಾಲು ತಾಸು. ಅದರ ಒಂದೂವರೆ ಪಟ್ಟು ಎಂದರೆ ಎಂಟು ತಾಸಿಗೆ ಸ್ವಲ್ಪ ಕಡಿಮೆ. ನಾನು ಎಂಟು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಅವರಿಗೆ ಫೋನ್ ಮಾಡಿದೆ.

ಅವರು ‘ಹೆಲೋ’ ಎಂದ ರೀತಿಯಲ್ಲೇ ಕನ್ನಡ ಇತ್ತು. ಹೆಸರು, ಊರು ನೋಡಿ ನನಗೆ ಅನುಮಾನ ಇದ್ದೇ ಇತ್ತು. ನಾನು ಹಿಂದಿಯಲ್ಲಿ ಶುರುಮಾಡಿದವಳು ಕನ್ನಡಕ್ಕೆ ಹೊರಳಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಏದುಸಿರಿನ ನಡುವೆಯೂ ನನ್ನ ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿದರು. ನನಗೂ ಹಾಗೇ. ನನ್ನ ಮನೆಯಲ್ಲಿ ಮಗಳು ‘ಅಮ್ಮಾ, ಮೈ ಆತೀನಿ’ ಎಂಬ ಅರ್ಧ ಹಿಂದಿಯ ಕನ್ನಡ ಮಾತಾಡುತ್ತಾಳೆ. ಆಫೀಸಿನಲ್ಲಿ ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷ್. ಹೀಗಿರುವಾಗ ಕನ್ನಡದಲ್ಲಿ ಕೆಲಸ ಮಾಡುವ ಅವಕಾಶ ಬಂದರೆ ಬಿಡುವವಳಲ್ಲ ನಾನು. ಕೊನೆಗೆ ಕೆಲಸದ ಪ್ರಶ್ನೆ ಕೇಳಿದೆ.

“ಚಾಚಾ, ನಿಮ್ಮ ಮಷಿನ್ನಿನ ಬ್ಯಾಟರಿ ಫುಲ್ ಚಾರ್ಜ್ ಮಾಡಿದರೆ ಎಷ್ಟು ಗಂಟೆ ತನಕ ಬರುತ್ತದೆ?”

“ಹನ್ನೆರಡ ಗಂಟೆತನಾ ನಡೀತೈತ್ರಿ ಅಕ್ಕಾರ,” ಎಂದರು.

ಬ್ಯಾಟರಿಯ ಸಾಲಿನಲ್ಲಿ ‘12 HRS’ ಎಂದು ಬರೆದೆ. ಬೇಕಾದದ್ದು ಎಂಟು, ಇರುವುದು ಹನ್ನೆರಡು. ಡಬಲ್ ಚೆಕ್ ಮೇಡಂಗೆ ಇನ್ನೇನು ಬೇಕು?

ಮರುದಿನ ಅವರ ತಮ್ಮ ಮೌಲಾಲಿ, ನಾನು ತುಂಬಿ ಕಳಿಸಿದ್ದ ಫಾರ್ಮಿಗೆ ಅಣ್ಣನ ಸಹಿ ಮಾಡಿಸಿಕೊಂಡು ನಮ್ಮ ವಿಲೆ ಪಾರ್ಲೆ ಆಫೀಸಿಗೆ ತಂದರು. ಆಟೋ ಓಡಿಸುವವರು, ಬಹಳ ವಿನಯದ ಮನುಷ್ಯ. ಹೋಗುವಾಗ, ಮನೆಯಲ್ಲಿ ಇನ್ನೊಂದು ಬ್ಯಾಟರಿಯೂ ಇದೆ, ಅದನ್ನೂ ಕೊಟ್ಟು ಕಳಿಸಲೇ ಎಂದು ಕೇಳಿದರು. ಅದು ದೊಡ್ಡ ಜಾತಿಯ ಬ್ಯಾಟರಿ. ಬಿಡಿಯಾಗಿ ಒಯ್ಯಬೇಕಾದರೆ ಬೇರೆ ಒಪ್ಪಿಗೆ ಬೇಕು, ಫಾರ್ಮ್ ಹೊಸದಾಗಿ ತುಂಬಬೇಕು, ಎರಡು ದಿನ ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ ಅದರ ಅಗತ್ಯವೇ ಇರಲಿಲ್ಲ. ಬೇಡ, ಒಂದೇ ಸಾಕು, ಸುಮ್ಮನೆ ಭಾರ ಯಾಕೆ ಎಂದು ನಾನೇ ಹೇಳಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ವಿಮಾನ. ಅವರು ಐದಕ್ಕೇ ಬಂದಿದ್ದರು. ದಸ್ತಗೀರ ಸಾಹೇಬರು ತೆಳ್ಳಗಿನ ಎತ್ತರದ ಆಳು. ಬಿಳಿ ಬಟ್ಟೆ, ಮೂಗಿಗೆ ನಳಿಗೆ, ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಹೆಂಡತಿ ಖತೀಜಾಬಿ ಯಂತ್ರದ ಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಗೇಟಿನ ಬಳಿ ಗೋಡೆಯ ಪ್ಲಗ್ಗಿಗೆ ಯಂತ್ರ ಹಾಕಿಸಿ ಕೂಡಿಸಿದೆ. ಏಳು ಹತ್ತಕ್ಕೆ ಪ್ಲಗ್ ತೆಗೆದು, ಎಲ್ಲರಿಗಿಂತ ಮೊದಲು ವಿಮಾನಕ್ಕೆ ಹತ್ತಿಸಿದೆವು. ಬಾಗಿಲಲ್ಲಿ ಅವರು ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ವಿಮಾನ ಇಪ್ಪತ್ತು ನಿಮಿಷ ತಡವಾಗಿ, ಎಂಟು ಇಪ್ಪತ್ತಕ್ಕೆ ಗೇಟು ಬಿಟ್ಟಿತು. ನಾನು ಇನ್ನೆರಡು ಕೇಸು ಮುಗಿಸಿ, ಒಂಬತ್ತೂವರೆ ದಾಟಿದ ಮೇಲೆ ಚಹಾ ಕುಡಿಯಲು ಟರ್ಮಿನಲ್ ಹೊರಗೆ ಬಂದೆ.

ಮೌಲಾಲಿ ಇನ್ನೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ವಿಮಾನ ಹೋಗಿ ಒಂದು ತಾಸು ಆಯಿತು, ಮನೆಗೆ ಹೋಗಿ ಎಂದೆ. ಅವರು ಎದ್ದು ನಿಂತು, ಸಂಕೋಚದಿಂದ ಒಂದು ಮಾತು ಕೇಳಿದರು.

“ಅಕ್ಕಾರ, ಅಲ್ಲಿ ಇಳಿದ ಕೂಡ್ಲೇ ಮಷಿನ್ ಚಾರ್ಜಿಗೆ ಹಚ್ಚಾಕ ಜಾಗ ಸಿಗತೈತಲ್ರಿ? ಬ್ಯಾಟರಿ ಐದ ತಾಸಿಂದು ನೋಡ್ರಿ.”

ಐದು ತಾಸು ಎಂದರೇನು ಎಂದು ಕೇಳಿದೆ. ಶಬ್ದದ ಅರ್ಥ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದರಿಂದ ಕೇಳಿದೆ.

“ಮುಂಜಾನೆ ಏಳಕ್ಕ ಹಚ್ಚಿದ್ರ ಹನ್ನೆರಡ ಗಂಟೆತನಾ ನಡೀತೈತಿ. ಅಣ್ಣ ನಿಮಗ ಫೋನಿನ್ಯಾಗ ಹೇಳಿದ್ನಲ್ರಿ. ವಿಮಾನ ಪೌಣೆ ಹನ್ನೊಂದಕ್ಕ ಮುಟ್ಟತೈತಿ. ಸಾಕಾಗತೈತಿ, ಆದ್ರೂ ಕೇಳಿದೆ.”

ಕೈಯಲ್ಲಿದ್ದ ಚಹಾ ಅಲ್ಲೇ ಬಿಟ್ಟೆ.

ಓದುವವರಿಗೆ ಅರ್ಥವಾಗಿರಬೇಕು, ಆದರೂ ಬಿಡಿಸಿ ಹೇಳುತ್ತೇನೆ. ಅವರ ಭಾಷೆಯಲ್ಲಿ ‘ಗಂಟೆ’ ಎಂದರೆ ಗಡಿಯಾರದ ಮುಳ್ಳು ಇರುವ ಜಾಗ. ಎಷ್ಟು ಗಂಟೆ ತನಕ ಎಂದು ನಾನು ಕೇಳಿದೆ, ಮಧ್ಯಾಹ್ನ ಹನ್ನೆರಡರ ತನಕ ಎಂದು ಅವರು ಉತ್ತರ ಕೊಟ್ಟರು. ಬೆಳಿಗ್ಗೆ ಏಳಕ್ಕೆ ವಿಮಾನ ಹತ್ತುವವರಿಗೆ ಅದು ಸರಿಯಾದ, ನೇರವಾದ ಉತ್ತರ. ನಾನು ಅದನ್ನು ಹನ್ನೆರಡು ತಾಸು ಎಂದು ಕೇಳಿಸಿಕೊಂಡೆ. ಅವರ ಕಡೆಯಿಂದಲೂ ಒಂದು ತಪ್ಪು ಸೇರಿಕೊಂಡಿತ್ತು. ಟಿಕೆಟ್ಟಿನಲ್ಲಿ ಹೊರಡುವುದು 8:00, ತಲುಪುವುದು 10:45 ಎಂದಿತ್ತು. ಆದರೆ ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಬರೆಯುತ್ತಾರೆ. ಜೆದ್ದಾ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಪೌಣೆ ಹನ್ನೊಂದು ಎಂದರೆ ನಮ್ಮ ಕೈಗಡಿಯಾರದಲ್ಲಿ ಒಂದೂಕಾಲು. ಅವರು ಪ್ರಯಾಣವನ್ನು ಎರಡೂಮುಕ್ಕಾಲು ತಾಸೆಂದು ಎಣಿಸಿದ್ದರು, ನಾನು ಬ್ಯಾಟರಿಯನ್ನು ಹನ್ನೆರಡು ತಾಸೆಂದು ಎಣಿಸಿದ್ದೆ. ಇಬ್ಬರಿಗೂ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಎಂಬ ನೆಮ್ಮದಿ.

ಹಿಂದಿಯಲ್ಲೇ ಮಾತಾಡಿದ್ದರೆ ಈ ಗೋಜಲು ಆಗುತ್ತಲೇ ಇರಲಿಲ್ಲ. ಅಲ್ಲಿ ತಾಸಿಗೆ ‘ಘಂಟಾ’, ಗಡಿಯಾರಕ್ಕೆ ‘ಬಜೆ’. ಮನೆಯಲ್ಲಿ ದಖನಿ ಉರ್ದು ಮಾತಾಡುವ ಅವರು ‘ಬಾರಾ ಬಜೆ ತಕ್’ ಎಂದಿರುತ್ತಿದ್ದರು, ನನಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಕನ್ನಡದವರು ಸಿಕ್ಕಿದರೆಂದು ಕನ್ನಡ ಮಾತಾಡಿ ಹೀಗೆ ಮಾಡಿಕೊಂಡಿದ್ದೆ.

ಒಳಗೆ ಓಡುತ್ತಲೇ ಲೆಕ್ಕ ಹಾಕಿದೆ. ಏಳು ಹತ್ತಕ್ಕೆ ಪ್ಲಗ್ ತೆಗೆದದ್ದು. ಎರಡರಲ್ಲಿ ಇಟ್ಟರೆ ಐದು ತಾಸು. ಮೂರಕ್ಕೆ ಏರಿಸಿದರೆ ನಾಲ್ಕೂ ಬರುವುದಿಲ್ಲ. ಅಂದರೆ ಹನ್ನೊಂದರ ಹೊತ್ತಿಗೆ ಬ್ಯಾಟರಿ ಖಾಲಿ. ವಿಮಾನ ಜೆದ್ದಾ ಗೇಟಿಗೆ ತಲುಪುವುದು ನಮ್ಮ ಒಂದು ಮೂವತ್ತೈದಕ್ಕೆ. ಗಾಲಿಕುರ್ಚಿಯವರನ್ನು ಕೊನೆಗೆ ಇಳಿಸುತ್ತಾರೆ, ಎರಡು ಗಂಟೆ ಎಂದಿಟ್ಟುಕೊಳ್ಳಿ. ಮೂರು ತಾಸು ಆಕ್ಸಿಜನ್ ಇಲ್ಲ. ಆಗ ಒಂಬತ್ತು ನಲವತ್ತು.

ನನ್ನ ಸೂಪರ್‌ವೈಸರ್ ಡಿಸೋಜಾ ಸರ್ ಸಿಟ್ಟಿನವರು, ಆದರೆ ಅಪಾಯ ಬಂದಾಗ ಕೂಗಾಡುವುದಿಲ್ಲ. ನಾನು ಎರಡೇ ವಾಕ್ಯದಲ್ಲಿ ಹೇಳಿದೆ. ಅವರು ನನ್ನ ಮುಖವನ್ನೂ ನೋಡದೆ ಒಂದು ಕೈಯಲ್ಲಿ ಆಪರೇಷನ್ಸ್ ಕಂಟ್ರೋಲಿಗೂ ಇನ್ನೊಂದರಲ್ಲಿ ಪವಾಯಿಯಲ್ಲಿರುವ ನಮ್ಮ ವೈದ್ಯಕೀಯ ಸಲಹೆಗಾರರಿಗೂ ಫೋನ್ ಹಚ್ಚಿದರು. ಆಪರೇಷನ್ಸ್ ಕಂಟ್ರೋಲ್ ಎಂದರೆ ಹಾರುತ್ತಿರುವ ಎಲ್ಲ ವಿಮಾನಗಳ ಮೇಲೆ ಕಣ್ಣಿಡುವ ಕೋಣೆ. ಅಲ್ಲಿಂದ ಪೈಲಟ್ಟಿಗೆ ಬರವಣಿಗೆಯ ಸಂದೇಶ ಕಳಿಸಬಹುದು. ಕಾಕ್‌ಪಿಟ್ಟಿನ ಪುಟ್ಟ ಪ್ರಿಂಟರಿನಲ್ಲಿ ಅದು ಚೀಟಿಯಾಗಿ ಹೊರಬರುತ್ತದೆ.

ಕಂಟ್ರೋಲಿನವರು ಮೊದಲು ಹೇಳಿದ್ದು ಮಸ್ಕತ್ತಿನ ಹೆಸರು. ಹತ್ತೂವರೆಯ ಹೊತ್ತಿಗೆ ವಿಮಾನ ಮಸ್ಕತ್ ಹತ್ತಿರ ಇರುತ್ತದೆ. ಇಳಿಸಬೇಕಾದರೆ ಅಲ್ಲೇ ಇಳಿಸಬೇಕು. ದಾಟಿದರೆ ಮುಂದೆ ಬಹಳ ಹೊತ್ತು ಮರುಭೂಮಿ. ಇಳಿಸಿದರೆ ಆ ಮುದುಕ ದಂಪತಿಯನ್ನು ಗೊತ್ತಿಲ್ಲದ ದೇಶದ ಆಸ್ಪತ್ರೆಯಲ್ಲಿ ಬಿಟ್ಟು, ಉಳಿದ ನೂರೈವತ್ತು ಜನರೊಂದಿಗೆ ವಿಮಾನ ಮುಂದೆ ಹೋಗುತ್ತದೆ. ಅವರ ಯಾತ್ರೆ ಅಲ್ಲಿಗೆ ಮುಗಿದ ಹಾಗೆ. ಇಳಿಸದಿದ್ದರೆ ಏನಾಗಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಲಹೆಗಾರ ಡಾಕ್ಟರು ನನ್ನನ್ನೇ ಲೈನಿಗೆ ಕರೆದರು. ದಸ್ತಗೀರ ಸಾಹೇಬರ ರಕ್ತದ ಆಕ್ಸಿಜನ್ ಮಟ್ಟ ಎಷ್ಟು, ಯಂತ್ರ ತೆಗೆದರೆ ಎಷ್ಟಕ್ಕೆ ಇಳಿಯುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂದು ಕೇಳಿದರು. ಫಾರ್ಮ್ ಮುಂದಿಟ್ಟುಕೊಂಡು ಓದಿ ಹೇಳಿದೆ. ಓದುವಾಗ ‘12 HRS’ ಎಂಬ ನನ್ನದೇ ದುಂಡು ಅಕ್ಷರ ಪ್ರತಿ ಸಲವೂ ಕಣ್ಣಿಗೆ ಬೀಳುತ್ತಿತ್ತು. ಬೆವರಿನಿಂದ ಕಾಗದ ಬೆರಳಿಗೆ ಅಂಟುತ್ತಿತ್ತು.

ಡಾಕ್ಟರ ಸಲಹೆ ಹೀಗಿತ್ತು. ಎಲ್ಲ ವಿಮಾನಗಳಲ್ಲೂ ತುರ್ತಿಗೆಂದು ಕೆಲವು ಆಕ್ಸಿಜನ್ ಬಾಟಲಿ ಇರುತ್ತವೆ. ಕಡಿಮೆ ಹರಿವಿನಲ್ಲಿ ಬಿಟ್ಟರೆ ಒಂದು ಬಾಟಲಿ ಎರಡೂವರೆ ತಾಸು ಬರುತ್ತದೆ. ಈಗಲೇ ಯಂತ್ರ ಆರಿಸಿ ಬಾಟಲಿಗೆ ಹಾಕಲಿ, ಬ್ಯಾಟರಿ ಉಳಿಸಲಿ. ಬಾಟಲಿ ಮುಗಿದ ಮೇಲೆ ಉಳಿದ ಬ್ಯಾಟರಿ ಇಳಿಯುವ ತನಕ ಬಂದರೆ ಬರಲಿ. ಹತ್ತು ಗಂಟೆಗೆ ಬಾಟಲಿ ಹಾಕಿದರೆ ಹನ್ನೆರಡೂವರೆ. ಬ್ಯಾಟರಿಯಲ್ಲಿ ಉಳಿದಿರುವುದು ಹೆಚ್ಚೆಂದರೆ ಒಂದು ತಾಸು. ಅಲ್ಲಿಗೆ ಒಂದೂವರೆ. ವಿಮಾನ ಗೇಟಿಗೆ ಬರುವುದು ಒಂದು ಮೂವತ್ತೈದು. ಎಷ್ಟು ಸಲ ಕೂಡಿಸಿದರೂ ಕೊನೆಗೆ ಬೀಳುವ ಆ ಐದು ನಿಮಿಷ, ಮತ್ತು ಅದರ ಮೇಲೆ ಅವರನ್ನು ಇಳಿಸಲು ಹಿಡಿಯುವ ಇಪ್ಪತ್ತೈದು ನಿಮಿಷ, ಹೋಗಲೇ ಇಲ್ಲ. ಎರಡನೇ ಬಾಟಲಿ ಕೊಡಬಹುದೇ ಎಂದು ಕೇಳಿದೆ. ಇನ್ನೊಬ್ಬ ಪ್ರಯಾಣಿಕನಿಗೆ ಎದೆನೋವು ಬಂದರೆ ಬಾಟಲಿ ಬೇಕಾಗುತ್ತದೆ, ಅದು ಕ್ಯಾಪ್ಟನ್ನಿನ ತೀರ್ಮಾನ ಎಂದರು. ಸರಿಯಾದ ಮಾತೇ. ಆದರೂ ಆ ಕ್ಷಣದಲ್ಲಿ ನನಗೆ ಅವರ ಮೇಲೆ ಕೋಪ ಬಂತು.

ಒಂಬತ್ತು ಐವತ್ತೆರಡಕ್ಕೆ ಸಂದೇಶ ಹೋಯಿತು. ಉತ್ತರ ಬಂದದ್ದು ಹತ್ತು ಹದಿನಾಲ್ಕಕ್ಕೆ. ಪ್ರಯಾಣಿಕರು ನೆಮ್ಮದಿಯಾಗಿದ್ದಾರೆ, ಬ್ಯಾಟರಿ ದೀಪ ಐದರಲ್ಲಿ ಎರಡು ಉರಿಯುತ್ತಿದೆ, ಹತ್ತು ಐದಕ್ಕೆ ಬಾಟಲಿಗೆ ಹಾಕಿದ್ದೇವೆ ಎಂದಿತ್ತು. ಹತ್ತೂವರೆಯಾಗುವ ಮೊದಲು ಇನ್ನೊಂದು ಸಾಲು ಬಂತು. ಮಸ್ಕತ್ತಿನಲ್ಲಿ ಇಳಿಸುವುದಿಲ್ಲ, ಮುಂದುವರಿಯುತ್ತೇವೆ.

ಡಿಸೋಜಾ ಸರ್ ಜೆದ್ದಾದ ನಮ್ಮ ಸಿಬ್ಬಂದಿಗೆ ಫೋನ್ ಮಾಡಿ, ಸಿಲಿಂಡರ್ ಹಿಡಿದು ವಿಮಾನದ ಬಾಗಿಲಲ್ಲೇ ನಿಂತಿರಬೇಕೆಂದು ಹೇಳಿದರು. ಆಮೇಲೆ ನನಗೆ ಮಾಡಲು ಏನೂ ಉಳಿಯಲಿಲ್ಲ. ಈ ಕೆಲಸದಲ್ಲಿ ನಾನು ಅತ್ಯಂತ ಹೆದರುವುದು ಆ ಸ್ಥಿತಿಗೆ. ಕೈಯಲ್ಲಿ ಕೆಲಸ ಇರುವ ತನಕ ಭಯಕ್ಕೆ ಜಾಗವಿರುವುದಿಲ್ಲ.

ಹೊರಗೆ ಹೋಗಿ ಮೌಲಾಲಿಗೆ ಎಲ್ಲವನ್ನೂ ಹೇಳಿದೆ. ಹೇಳಬೇಡ, ಸುಮ್ಮನೆ ಗಾಬರಿ ಎಂದು ಸರ್ ಹೇಳಿದ್ದರು. ಆದರೆ ಅವರು ಆ ಕಂಬದ ಬಳಿ ನಿಶ್ಚಿಂತೆಯಿಂದ ಕೂತಿರುವುದನ್ನು ಗಾಜಿನ ಈಚೆಯಿಂದ ನೋಡುತ್ತ ಇರಲು ನನ್ನಿಂದ ಆಗಲಿಲ್ಲ. ನಾನು ಏನು ಕೇಳಿದೆ, ಅವರಣ್ಣ ಏನು ಹೇಳಿದರು, ನಾನು ಏನು ಬರೆದೆ, ಎರಡನೇ ಬ್ಯಾಟರಿ ಬೇಡ ಎಂದದ್ದು ಯಾಕೆ, ಒಂದನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಬಹಳ ಹೊತ್ತು ಬೆರಳು ಮಡಚಿ ತಾಸು ಎಣಿಸಿದರು.

“ನೀವು ನಮ್ಮ ಕನ್ನಡದವ್ರು ಅದೀರಿ ಅಂತ ನಾವು ನಿಶ್ಚಿಂತಿ ಇದ್ವ್ರಿ,” ಎಂದರು ಕೊನೆಗೆ.

ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತೆ. ಅವರು ಅಣ್ಣನ ಬಗ್ಗೆ ಹೇಳತೊಡಗಿದರು. ಊರಿಂದ ಮೊದಲು ಬಂದವರು ಅಣ್ಣ. ತಮ್ಮನನ್ನು ಕರೆಸಿಕೊಂಡು, ಕಲ್ಲಿನ ಕೆಲಸ ನಿನಗೆ ಬೇಡ, ಧೂಳು ಕೆಟ್ಟದ್ದು ಎಂದು ಆಟೋ ಕಲಿಸಿದವರೂ ಅವರೇ. ಈ ಯಾತ್ರೆಯ ಆಸೆ ಹತ್ತು ವರ್ಷದ್ದು. ಹಿಂದೆ ಬೇರೆ ಏರ್‌ಲೈನ್‌ನವರು ಎರಡು ಸಲ, ಒಮ್ಮೆ ಕಾಗದ ಸರಿಯಿಲ್ಲವೆಂದು, ಒಮ್ಮೆ ಯಂತ್ರ ನೋಡಿ, ಬಾಗಿಲಿಂದಲೇ ತಿರುಗಿ ಕಳಿಸಿದ್ದರಂತೆ. ಎರಡನೇ ಸಲ ಮನೆಗೆ ಬಂದವರು ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲವಂತೆ.

ಹನ್ನೆರಡು ಮೂವತ್ತೈದಕ್ಕೆ ಬಾಟಲಿ ಮುಗಿಯಬೇಕು. ಬ್ಯಾಟರಿಗೆ ಬದಲಾಯಿಸಿದ್ದೇವೆ ಎಂಬ ಸಂದೇಶ ಬರುತ್ತದೆಂದು ಒಳಗೆ ಹೋಗಿ ಕಾದೆ. ಹನ್ನೆರಡು ನಲವತ್ತು, ಮುಕ್ಕಾಲು, ಒಂದು ಗಂಟೆ. ಏನೂ ಬರಲಿಲ್ಲ. ಕಂಟ್ರೋಲಿನವರು ಎರಡು ಸಲ ಕೇಳಿದರೂ ಉತ್ತರವಿಲ್ಲ. ವಿಮಾನ ಇಳಿಯಲು ಶುರುಮಾಡಿದಾಗ ಪೈಲಟ್ಟುಗಳಿಗೆ ಪುರುಸೊತ್ತಿರುವುದಿಲ್ಲ, ಇದು ಸಹಜ ಎಂದು ಸರ್ ಸಮಾಧಾನ ಹೇಳಿದರು. ನನಗೂ ಅದು ಗೊತ್ತಿತ್ತು. ಗೊತ್ತಿದ್ದೂ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಫೋನಿನಲ್ಲಿ ಅವರು ನನ್ನ ಮಕ್ಕಳ ಹೆಸರು ಕೇಳಿದ್ದು ನೆನಪಾಗಿತ್ತು.

ಒಂದು ಇಪ್ಪತ್ತೆಂಟಕ್ಕೆ ವಿಮಾನ ನೆಲ ಮುಟ್ಟಿದೆ ಎಂದು ತೆರೆಯ ಮೇಲೆ ತೋರಿಸಿತು. ಒಂದು ಐವತ್ತೆರಡಕ್ಕೆ ಜೆದ್ದಾದಿಂದ ಫೋನ್. ಬಾಟಲಿ ಹನ್ನೆರಡು ಇಪ್ಪತ್ತಕ್ಕೇ ಮುಗಿದಿತ್ತಂತೆ. ಬ್ಯಾಟರಿ ಒಂದೂಕಾಲರ ತನಕ ಬಂದು ಆರಿತಂತೆ. ಕ್ಯಾಪ್ಟನ್ ಎರಡನೇ ಬಾಟಲಿ ಬಿಚ್ಚಲು ಹೇಳಿದರಂತೆ, ಆದರೆ ಆಗಲೇ ಇಳಿಯುತ್ತಿದ್ದರಿಂದ ಸಿಬ್ಬಂದಿ ಸೀಟು ಬಿಟ್ಟು ಏಳುವಂತಿರಲಿಲ್ಲ. ಆದರೂ ಸಿಬ್ಬಂದಿಯಲ್ಲೇ ಒಬ್ಬಳು ಹುಡುಗಿ ಕಟ್ಟಿಕೊಂಡ ಬೆಲ್ಟನ್ನು ಬಿಚ್ಚಿ ಎದ್ದು ಬಾಟಲಿ ಹಾಕಿದಳಂತೆ. ನಡುವೆ ಆರೇಳು ನಿಮಿಷ ಅವರು ಬರೀ ಕ್ಯಾಬಿನ್ನಿನ ಗಾಳಿಯಲ್ಲಿದ್ದರು. ತುಟಿ ನೀಲಿಯಾಗಿತ್ತು. ಬಾಗಿಲಲ್ಲಿ ಸಿಲಿಂಡರ್ ಕಾದಿತ್ತು. ಈಗ ಮಾತಾಡುತ್ತಿದ್ದಾರೆ, ಪ್ಲಗ್ ಎಲ್ಲಿದೆ ಎಂದು ಕೇಳುತ್ತಿದ್ದಾರೆ ಎಂದರು.

ನಾನು ಹೊರಗೆ ಹೋಗಿ ಮೌಲಾಲಿಗೆ ಹೇಳಿದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡು ಆಟೋ ಸ್ಟ್ಯಾಂಡಿನ ಕಡೆ ನಡೆದುಹೋದರು.

ಇಂಥ ಘಟನೆ ಆದರೆ ವರದಿ ಬರೆಯಬೇಕು. ಪ್ರಯಾಣಿಕರು ತಪ್ಪು ಮಾಹಿತಿ ಕೊಟ್ಟರು ಎಂದು ಬರೆದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಫಾರ್ಮಿನ ಕೆಳಗೆ ಅವರ ಸಹಿಯೂ ಇದೆ ಎಂದು ಡಿಸೋಜಾ ಸರ್ ಹೇಳಿದರು. ನನ್ನನ್ನು ಉಳಿಸುವ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಾಗೆ ಬರೆದರೆ ಇನ್ನು ಮುಂದೆ ಯಾವ ವಿಮಾನವೂ ಆ ಮನುಷ್ಯನನ್ನು ಹತ್ತಿಸಿಕೊಳ್ಳುವುದಿಲ್ಲ. ವಾಪಸ್ ಬರುವುದೇ ಕಷ್ಟವಾದೀತು. ನಾನು ನಡೆದದ್ದನ್ನು ನಡೆದ ಹಾಗೆ ಬರೆದು, ಪ್ರಯಾಣಿಕರ ಉತ್ತರ ಸರಿಯಾಗಿತ್ತು, ತಪ್ಪು ತಿಳಿದುಕೊಂಡವಳು ನಾನು ಎಂದು ಸಹಿ ಹಾಕಿದೆ. ಎಚ್ಚರಿಕೆ ಪತ್ರ ಬಂತು. ಎರಡು ತಿಂಗಳು ಡೆಸ್ಕಿನಿಂದ ತೆಗೆದು, ಕಳೆದುಹೋದ ಸೂಟ್‌ಕೇಸುಗಳ ಪಟ್ಟಿ ಮಾಡಲು ಹಾಕಿದರು. ಸುಳ್ಳು ಹೇಳುವುದಿಲ್ಲ, ಅವಮಾನವಾಯಿತು. ಆದರೆ ಒಳಗೊಳಗೆ, ಪ್ರಾಮಾಣಿಕಳಾಗಿ ನಡೆದುಕೊಂಡೆ ಎಂಬ ಸಣ್ಣ ಬಿಂಕವೂ ಇತ್ತು.

ದಂಪತಿ ಎರಡು ವಾರದ ನಂತರ, ಈ ಸಲ ಏರ್‌ಲೈನೇ ಒದಗಿಸಿದ ಹೆಚ್ಚುವರಿ ಬ್ಯಾಟರಿಯೊಂದಿಗೆ, ಕ್ಷೇಮವಾಗಿ ಮರಳಿದರು. ಅದಾಗಿ ಒಂದು ವಾರಕ್ಕೆ, ಕೆಳಗೆ ಯಾರೋ ಕಾಯುತ್ತಿದ್ದಾರೆಂದು ವಿಲೆ ಪಾರ್ಲೆ ಆಫೀಸಿನ ವಾಚ್‌ಮನ್ ಹೇಳಿಕಳಿಸಿದ. ಇಳಿದು ಹೋದೆ. ರಸ್ತೆಯ ಪಕ್ಕ ಮೌಲಾಲಿಯ ಆಟೋ. ಹಿಂದಿನ ಸೀಟಿನಲ್ಲಿ ದಸ್ತಗೀರ ಸಾಹೇಬರು, ಪಕ್ಕದಲ್ಲಿ ಯಂತ್ರ. ಮೆಟ್ಟಿಲು ಹತ್ತಲಾಗುವುದಿಲ್ಲ, ಅದಕ್ಕೇ ಕರೆಸಿದೆ ಎಂದು ಕ್ಷಮೆ ಕೇಳಿದರು. ಒಂದು ಪೊಟ್ಟಣ ಖರ್ಜೂರ ಕೊಟ್ಟರು. ಕ್ಷಮೆ ಕೇಳಬೇಕಾದವಳು ನಾನು ಎಂದು, ಮನಸ್ಸಿನಲ್ಲಿ ಸಿದ್ಧಮಾಡಿ ಇಟ್ಟುಕೊಂಡಿದ್ದ ಮಾತೆಲ್ಲ ಹೇಳಿದೆ. ಅವರು ಕೈಯೆತ್ತಿ ತಡೆದರು.

“ಆ ಕಾಗದದಾಗ ಟ್ವೆಲ್ವ್ ಅವರ್ಸ್ ಅಂತ ಬರದಿದ್ರಿ ನೀವು. ಅದನ್ನ ನಾ ಓದಿದ್ದೆ ಅಕ್ಕಾರ. ಓವರ್‌ಟೈಮ್ ಚೀಟ್ಯಾಗ ದಿನಾ ನೋಡಿದ ಶಬ್ದ ಅದು.”

ಹಾಗಾದರೆ ಸಹಿ ಮಾಡುವ ಮೊದಲು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಸ್ವಲ್ಪ ಗಡುಸಾಗಿಯೇ ಬಂದಿರಬೇಕು.

“ಪೌಣೆ ಹನ್ನೊಂದಕ್ಕ ಮುಟ್ಟತೈತಿ, ಇದ್ದದ್ದ ಸಾಕು ಅಂದ್ಕೊಂಡೆ,” ಎಂದರು. ಉಸಿರು ತೆಗೆದುಕೊಂಡು ಮುಂದುವರಿಸಿದರು. “ಅಲ್ದ, ತಿದ್ದ್ರಿ ಅಂದಿದ್ರ ನೀವು ನನ್ನ ಕಳಸ್ತಿದ್ರೇನು?”

“ಕಳಿಸ್ತಿದ್ದೆ ಚಾಚಾ. ಇನ್ನೊಂದು ಬ್ಯಾಟರಿ ತನ್ನಿ ಅಂತಿದ್ದೆ, ಅಷ್ಟೇ.”

ಅವರು ನನ್ನನ್ನು ನೋಡಿದರು. ಆಮೇಲೆ ಮುಂದೆ ಕೂತ ತಮ್ಮನ ಬೆನ್ನನ್ನು ನೋಡಿದರು. ಆ ಇನ್ನೊಂದು ಬ್ಯಾಟರಿ ಆ ದಿನವೆಲ್ಲ ಕುರ್ಲಾದ ಮನೆಯಲ್ಲಿ ಫುಲ್ ಚಾರ್ಜ್ ಆಗಿ ಕೂತಿತ್ತು.

“ಅದನ್ನ ಮೊದಲ ಹೇಳಬೇಕಿತ್ತ್ರಿ,” ಎಂದರು.

ಹೇಳಿರಲಿಲ್ಲ. ಎಂಟು ತಾಸು ಬೇಕು ಎಂಬ ನಿಯಮ ನನ್ನ ಪೆನ್ಸಿಲ್ ಗುರುತಿನಲ್ಲಿತ್ತು, ಅವರಿಗೆ ತಿಳಿಸಿರಲಿಲ್ಲ. ನಾವು ಯಾರಿಗೂ ತಿಳಿಸುತ್ತಿರಲಿಲ್ಲ. ತಿಳಿಸಿದರೆ ಸುಳ್ಳು ಲೆಕ್ಕ ಕೊಡುತ್ತಾರೆ ಎಂಬುದು ಡೆಸ್ಕಿನ ಹಳೆಯ ನಂಬಿಕೆ. ಎರಡು ಸಲ ಬಾಗಿಲಿಂದ ವಾಪಸ್ ಬಂದ ಮನುಷ್ಯನಿಗೆ ನನ್ನ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಾಗಿ ಕೇಳಿಸಿತ್ತು. ನಾನು ಬರೆದ ಉತ್ತರ ಪಾಸಾಗುವ ಉತ್ತರ ಎಂದು ಗೊತ್ತಾದ ಮೇಲೆ ಅದನ್ನು ತಿದ್ದುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಒಂದು ಶಬ್ದ ಕಲಿತು ಪಾರಾದೆ ಎಂದುಕೊಂಡಿದ್ದ ನನಗೆ, ಕಲಿಯಬೇಕಾದದ್ದು ಬೇರೆಯೇ ಇದೆ ಎಂದು ಆ ರಸ್ತೆಯ ಪಕ್ಕ ನಿಂತು ಗೊತ್ತಾಯಿತು.

ಡೆಸ್ಕಿಗೆ ಮರಳಿದ ಮೇಲೆ ಫಾರ್ಮಿನಲ್ಲಿ ಎರಡು ಬದಲಾವಣೆ ಮಾಡಿಸಿದೆ. ಬ್ಯಾಟರಿಯ ಸಾಲಿನಲ್ಲಿ ಈಗ ಎಷ್ಟಕ್ಕೆ ಹಚ್ಚಿದರೆ ಎಷ್ಟಕ್ಕೆ ಆರುತ್ತದೆ ಎಂದು ಎರಡೂ ಸಮಯ ಬರೆಸುತ್ತೇವೆ. ತಲುಪುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಲ್ಲಿಯೂ ನಮೂದಿಸುತ್ತೇವೆ. ಮೂರನೆಯದು ಫಾರ್ಮಿನಲ್ಲಿ ಇಲ್ಲ, ಅದನ್ನು ಬಾಯಲ್ಲೇ ಹೇಳಬೇಕು. ಹೊಸದಾಗಿ ಡೆಸ್ಕಿಗೆ ಬರುವವರಿಗೆ ನಾನು ಅದನ್ನು ಎಲ್ಲಕ್ಕಿಂತ ಮೊದಲು ಕಲಿಸುತ್ತೇನೆ. ಆ ಕಡೆಯಿಂದ ‘ಹೆಲೋ’ ಎಂಬ ಏದುಸಿರು ಕೇಳಿಸಿದ ಕೂಡಲೇ, ಯಾವ ಭಾಷೆಯಲ್ಲಾದರೂ ಸರಿ, ಹೀಗೆ ಹೇಳಬೇಕು: “ಬ್ಯಾಟರಿ ಕಡಿಮೆ ಇದ್ದರೆ ನಿಮ್ಮನ್ನು ನಿಲ್ಲಿಸುವುದಿಲ್ಲ, ಇನ್ನೊಂದನ್ನು ಹೊಂದಿಸಿಕೊಡುತ್ತೇವೆ.” ಇದನ್ನು ಹೇಳಿ, ಅವರು ಒಂದು ಸಲ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ಪ್ರಶ್ನೆ ಕೇಳಬೇಕು.